ಹವಳದ ಪ್ರಯೋಗದ ಸಣ್ಣ ತೊಟ್ಟಿ ಕೈಕೊಟ್ಟರೆ ಎಲ್ಲಿಂದ ಹುಡುಕಬೇಕು

ಧಾರವಾಡದಲ್ಲಿ ಕೂತು ಹವಳದ ಪ್ರಯೋಗ ಮಾಡುವುದು ಅಂದರೆ ನಗುವವರೇ ಜಾಸ್ತಿ. ಸಮುದ್ರ ನೋಡಬೇಕಾದರೆ ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಹೋಗಬೇಕು. ಆದರೂ ಹತ್ತು ಹನ್ನೆರಡು ಸಣ್ಣ ಗಾಜಿನ ತೊಟ್ಟಿ, ಕೃತಕ ಸಮುದ್ರದ ಉಪ್ಪು, ಒಂದು ಏರ್ ಪಂಪ್, ಒಂದಷ್ಟು ಎಲ್‌ಇಡಿ ಇದ್ದರೆ ಎಂಎಸ್ಸಿ ಪ್ರಾಜೆಕ್ಟ್ ಮಟ್ಟದ ಕೆಲಸ ಚೆನ್ನಾಗಿಯೇ ನಡೆಯುತ್ತದೆ. ನಡೆಯುತ್ತದೆ ಅಂದೆ, ಒಂದು ದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಎಲ್ಲವೂ ಮುದುಡಿಕೊಂಡು ಕೂತಿರುವವರೆಗೆ. ಈ ಬರಹ ಆ ಬೆಳಿಗ್ಗೆಗೆ.

ಮೊದಲು ಒಂದು ಮಾತು. ಗಟ್ಟಿ ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿವೆ. ಹುಲಿ ಇರುವ ಪಟ್ಟಿಯೇ ಅದು. ಅನುಮತಿ ಇಲ್ಲದೆ ನೇತ್ರಾಣಿ ದ್ವೀಪದಿಂದಲೋ ಬೇರೆಲ್ಲಿಂದಲೋ ಒಂದು ಚೂರು ಮುರಿದು ತರುವ ಯೋಚನೆ ಬೇಡ. ಅದಕ್ಕೇ ಇಲ್ಲಿ ನಾನು ಹೇಳುವುದೆಲ್ಲ ಐಪ್ಟೇಸಿಯಾ ಎಂಬ ಸಣ್ಣ ಕಡಲ ಅನಿಮೋನ್ ಇಟ್ಟ ತೊಟ್ಟಿಯನ್ನು ಮನಸ್ಸಲ್ಲಿಟ್ಟುಕೊಂಡು. ಹವಳದ ಹಾಗೇ ಇದರ ಮೈಯೊಳಗೂ ಪಾಚಿ ವಾಸ ಮಾಡುತ್ತದೆ, ಬಿಸಿಯಾದರೆ ಇದೂ ಬಿಳಚಿಕೊಳ್ಳುತ್ತದೆ, ತನ್ನ ಪಾದದ ಚೂರಿನಿಂದಲೇ ಮರಿ ಮಾಡಿಕೊಳ್ಳುತ್ತದೆ. ಜಗತ್ತಿನ ಎಷ್ಟೋ ಲ್ಯಾಬ್‌ಗಳಲ್ಲಿ ಹವಳದ ಬದಲಿಗೆ ಇದನ್ನೇ ಇಟ್ಟುಕೊಳ್ಳುತ್ತಾರೆ. ಅಕ್ವೇರಿಯಂ ಹವ್ಯಾಸಿಗಳು ಇದನ್ನು ಕಳೆ ಅಂತ ಬೈಯುತ್ತಾರೆ, ಅಷ್ಟು ಗಟ್ಟಿ ಜೀವ. ಹಾಗಾಗಿ ಐಪ್ಟೇಸಿಯಾನೇ ನರಳುತ್ತಿದೆ ಅಂದರೆ ನಿಮ್ಮ ತೊಟ್ಟಿಯಲ್ಲಿ ಸಣ್ಣಪುಟ್ಟದ್ದಲ್ಲ, ದೊಡ್ಡದೇ ಏನೋ ಕೆಟ್ಟಿದೆ.

ಏನು ಕಾಣುತ್ತಿದೆ ಅಂತ ಸರಿಯಾಗಿ ನೋಡಿ

"ಸಾಯ್ತಾ ಇದೆ ಸರ್" ಅಂದರೆ ಏನೂ ಗೊತ್ತಾಗುವುದಿಲ್ಲ. ಟೆಂಟಕಲ್ (ಬಾಯಿಯ ಸುತ್ತಲಿನ ಬೆರಳಿನಂಥ ಎಳೆಗಳು) ಒಳಗೆಳೆದುಕೊಂಡು ಗುಂಡಗೆ ಕೂತಿದೆ, ಆದರೆ ಬಣ್ಣ ಇನ್ನೂ ಕಂದು ಇದೆ ಅಂದರೆ ನೀರಿನಲ್ಲಿ ಏನೋ ಕಿರಿಕಿರಿ ಇದೆ: ಉಪ್ಪು ಏರುಪೇರು, ಅಮೋನಿಯಾ, ವಿಷ, ಇಂಥದ್ದು. ಟೆಂಟಕಲ್ ಚೆನ್ನಾಗಿ ಚಾಚಿದೆ, ಆದರೆ ಮೈ ಬಿಳಚಿ ಗಾಜಿನ ಹಾಗೆ ಆಗಿದೆ ಅಂದರೆ ಒಳಗಿನ ಪಾಚಿ ಹೋಗಿದೆ. ಆಗ ಬಿಸಿ ಅಥವಾ ಬೆಳಕಿನ ಕಡೆ ನೋಡಬೇಕು. ಮೈ ಕರಗಿ, ಲೋಳೆಯಾಗಿ, ವಾಸನೆ ಬರುತ್ತಿದ್ದರೆ ಅದು ಸತ್ತಿದೆ. ಮೊದಲು ಅದನ್ನು ತೆಗೆಯಿರಿ, ಇಲ್ಲದಿದ್ದರೆ ಪಕ್ಕದ್ದೂ ಹೋಗುತ್ತದೆ, ವಿಚಾರಣೆ ಆಮೇಲೆ. ಫೋಟೊ ತೆಗೆಯುವಾಗ ಪಕ್ಕದಲ್ಲಿ ಒಂದು ಬಿಳಿ ಕಾಗದ ಇಟ್ಟು ತೆಗೆಯಿರಿ. ಬರೀ ನೀಲಿ ಎಲ್‌ಇಡಿ ಕೆಳಗೆ ತೆಗೆದ ಫೋಟೊದಲ್ಲಿ ಬಿಳಚಿದ್ದು ಯಾವುದು, ಬಿಳಚದ್ದು ಯಾವುದು ಅಂತ ದೇವರಿಗೂ ಗೊತ್ತಾಗಲ್ಲ.

ಒಂದೇ ತೊಟ್ಟಿಯಾ, ಎಲ್ಲವೂನಾ?

ಯಾವ ಮೀಟರೂ ಕೈಗೆತ್ತಿಕೊಳ್ಳುವ ಮೊದಲು ಈ ಪ್ರಶ್ನೆ. ಒಂದು ಕಾಗದದ ಮೇಲೆ ತೊಟ್ಟಿಗಳನ್ನು ಇಟ್ಟ ಹಾಗೇ ಬಿಡಿಸಿ, ಕೆಟ್ಟಿರುವುದರ ಮೇಲೆ ಗುರುತು ಹಾಕಿ. ಎಲ್ಲ ತೊಟ್ಟಿಗಳೂ ಒಟ್ಟಿಗೆ ಕೆಟ್ಟಿದ್ದರೆ ಎಲ್ಲಕ್ಕೂ ಸಾಮಾನ್ಯವಾದದ್ದನ್ನು ಹುಡುಕಿ: ನೀರು, ಉಪ್ಪಿನ ಚೀಲ, ಕೋಣೆಯ ಗಾಳಿ, ಊಟ. ಒಂದು ಸಾಲು ಮಾತ್ರ ಕೆಟ್ಟಿದ್ದರೆ ಆ ಸಾಲಿನ ಏರ್‌ಲೈನ್, ಆ ಸಾಲಿನ ದೀಪ, ಕಿಟಕಿಯ ಬಿಸಿಲು. ಒಂದೇ ಒಂದು ತೊಟ್ಟಿ ಅಂದರೆ ಆ ತೊಟ್ಟಿಯ ಹೀಟರ್, ಅದರಲ್ಲಿ ಕೊಳೆತ ಊಟ, ಅಥವಾ ಯಾರೋ ಕೈ ಅದ್ದಿದ್ದು. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಆದರೂ ಹೆಚ್ಚಿನವರು ಈ ಚಿತ್ರ ಬಿಡಿಸುವುದಿಲ್ಲ, ನೇರ ದೀಪ ಬದಲಿಸಲು ಹೋಗುತ್ತಾರೆ. ದೀಪದ ಮೇಲೆ ನಮಗೆ ಯಾಕೋ ಮೊದಲ ಅನುಮಾನ.

ಎಲ್ಲ ತೊಟ್ಟಿಗಳ ನೀರೂ ಒಂದೇ ಕೆಳತೊಟ್ಟಿಗೆ ಇಳಿದು ಮತ್ತೆ ಮೇಲೆ ಬರುವ ಹಾಗೆ ಕಟ್ಟಿದ್ದರೆ ಈ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ. ಒಂದರ ದೋಷ ಎಲ್ಲಕ್ಕೂ ಹರಡಿರುತ್ತದೆ. ಅಷ್ಟೇ ಅಲ್ಲ, ಅಂಥ ಹನ್ನೆರಡು ತೊಟ್ಟಿಗಳು ಲೆಕ್ಕಕ್ಕೆ ಹನ್ನೆರಡಲ್ಲ, ಒಂದೇ. ಒಂದನ್ನೇ ಹಲವು ಅಂತ ಲೆಕ್ಕ ಹಾಕುವ ಈ ತಪ್ಪನ್ನು ಸೂಡೊರೆಪ್ಲಿಕೇಶನ್ ಅಂತ ಪರಿಸರ ವಿಜ್ಞಾನಿ ಹರ್ಲ್‌ಬರ್ಟ್ 1984ರಲ್ಲೇ ಬಿಡಿಸಿ ಹೇಳಿದ್ದಾರೆ. ಸುಮಾರು 15 ಲೀಟರ್‌ನ ಬೇರೆ ಬೇರೆ ತೊಟ್ಟಿಗಳನ್ನು ಒಂದು ದೊಡ್ಡ ಟಬ್‌ನ ಸಿಹಿನೀರಿನಲ್ಲಿ ಕೂರಿಸಿ, ಟಬ್‌ನ ನೀರಿಗೆ ಮಾತ್ರ ಹೀಟರ್, ಫ್ಯಾನ್ ಕೊಟ್ಟರೆ ಎಲ್ಲಕ್ಕೂ ಒಂದೇ ತಾಪ ಸಿಗುತ್ತದೆ, ನೀರು ಮಾತ್ರ ಬೇರೆ ಬೇರೆ ಇರುತ್ತದೆ. ಮುಂದಿನದ್ದೆಲ್ಲ ಇಂಥ ವ್ಯವಸ್ಥೆಗೆ ಅನ್ವಯಿಸಿ ಹೇಳುತ್ತೇನೆ.

ಉಪ್ಪು

ಸಮುದ್ರದ ನೀರು ಅಂದರೆ 35 ಪಿಪಿಟಿ, ಅಂದರೆ ಒಂದು ಕೆಜಿ ನೀರಿನಲ್ಲಿ 35 ಗ್ರಾಂ ಉಪ್ಪು. ಸಣ್ಣ ತೊಟ್ಟಿಯ ದೊಡ್ಡ ಶತ್ರು ನಮ್ಮ ಮಾರ್ಚ್, ಏಪ್ರಿಲ್‌ನ ಒಣ ಗಾಳಿ. ಲೆಕ್ಕ ನೋಡಿ. 15 ಲೀಟರ್‌ನಲ್ಲಿ ದಿನಕ್ಕೆ 300 ಮಿಲಿ ಆವಿಯಾದರೆ 35 ಇದ್ದದ್ದು ಮರುದಿನ 35.7 ಆಗುತ್ತದೆ. ಶುಕ್ರವಾರ ಸಂಜೆ ಬೀಗ ಹಾಕಿ ಸೋಮವಾರ ಬಂದರೆ 37 ದಾಟಿರುತ್ತದೆ. ಆಮೇಲೆ ಗಾಬರಿಯಾಗಿ ಒಮ್ಮೆಲೇ ಸಿಹಿನೀರು ಸುರಿದರೆ ಏಟು ಎರಡನೇ ಸಲ ಬೀಳುತ್ತದೆ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪಲ್ಲ. ಹಾಗಾಗಿ ತುಂಬಿಸಬೇಕಾದದ್ದೂ ಶುದ್ಧ ನೀರೇ, ಸ್ವಲ್ಪ ಸ್ವಲ್ಪವಾಗಿ. ತೊಟ್ಟಿಯ ಮೇಲೆ ಅಕ್ರಿಲಿಕ್ ಹಾಳೆ ಮುಚ್ಚಿ, ನೀರಿನ ಮಟ್ಟಕ್ಕೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆಯಿರಿ. ಆ ಗೆರೆ ಎಷ್ಟೋ ಮೀಟರ್‌ಗಿಂತ ಮೇಲು.

ಮೀಟರ್ ಅಂದೆ. ಬೆಳಕು ಎಷ್ಟು ಬಾಗುತ್ತದೆ ಅಂತ ನೋಡಿ ಉಪ್ಪು ಹೇಳುವ ಸೋವಿ ರಿಫ್ರ್ಯಾಕ್ಟೋಮೀಟರ್‌ಗಳಲ್ಲಿ ಬಹಳಷ್ಟು ಅಡುಗೆ ಉಪ್ಪಿನ ದ್ರಾವಣಕ್ಕೆ ಮಾಡಿದವು, ಸಮುದ್ರದ ನೀರಿಗೆ ಅಲ್ಲ. ಬಟ್ಟಿ ನೀರಿಟ್ಟು ಸೊನ್ನೆಗೆ ಹೊಂದಿಸಿ "ಸರಿ ಇದೆ" ಅಂದುಕೊಂಡರೆ 35ರ ಹತ್ತಿರ ಒಂದೂವರೆ ಪಿಪಿಟಿ ತಪ್ಪು ತೋರಿಸುತ್ತದೆ. ಪರೀಕ್ಷೆ ಸುಲಭ: ಲ್ಯಾಬ್‌ನ ಶುದ್ಧ, ಒಣ ಸೋಡಿಯಂ ಕ್ಲೋರೈಡ್ 36.5 ಗ್ರಾಂ, ಬಟ್ಟಿ ನೀರು 963.5 ಗ್ರಾಂ. ಈ ದ್ರಾವಣ 35 ಪಿಪಿಟಿ ಸಮುದ್ರದ ನೀರಿನಷ್ಟೇ ಬೆಳಕನ್ನು ಬಾಗಿಸುತ್ತದೆ. ಅದನ್ನಿಟ್ಟು 35ಕ್ಕೆ ತಿರುಗಿಸಿಕೊಳ್ಳಿ. ಕಂಡಕ್ಟಿವಿಟಿ ಮೀಟರ್ ಇದ್ದರೆ 25 ಡಿಗ್ರಿಯಲ್ಲಿ ಸೆಂಟಿಮೀಟರ್‌ಗೆ ಸುಮಾರು 53 ಮಿಲಿಸೀಮೆನ್ಸ್ ಬರಬೇಕು.

ಮಳೆಗಾಲದಲ್ಲಿ ತೊಂದರೆ ಉಲ್ಟಾ. ಉಪ್ಪಿನ ಚೀಲದ ಬಾಯಿ ಬಿಗಿಯಾಗಿ ಕಟ್ಟದಿದ್ದರೆ ಜುಲೈ ತಂಡಿಗೆ ನೀರು ಕುಡಿದು ಗಡ್ಡೆ ಕಟ್ಟುತ್ತದೆ. ಆಗ ಅದೇ ತೂಕ ಹಾಕಿದರೂ ಉಪ್ಪು ಕಡಿಮೆ ಬೀಳುತ್ತದೆ. ಕಲಸಿದ ನೀರು ಹಾಲಿನ ಹಾಗೆ ಬೆಳ್ಳಗಾಗಿ, ತಳದಲ್ಲಿ ಪುಡಿ ಕೂತರೆ ಕ್ಯಾಲ್ಸಿಯಂ ಕಾರ್ಬೊನೇಟ್ ಬೇರೆಯಾಗಿದೆ ಅಂತ. ಆ ನೀರನ್ನು ತೊಟ್ಟಿಗೆ ಹಾಕಬೇಡಿ. ಕಾರವಾರದಿಂದ ಕ್ಯಾನ್‌ನಲ್ಲಿ ನೀರು ತರಿಸುವವರೂ ಇದ್ದಾರೆ, ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಇರುವುದೂ ಅಲ್ಲೇ. ತರಿಸಿ, ಆದರೆ ಮಳೆಗಾಲದಲ್ಲಿ ಬೇಡ. ಕಾಳಿ ನದಿ ತುಂಬಿ ಬಂದಾಗ ದಡದ ನೀರಿನ ಉಪ್ಪು ತುಂಬಾ ಇಳಿದಿರುತ್ತದೆ.

ನೀರು ಎಲ್ಲಿಂದ ಬಂತು?

ಎಲ್ಲ ತೊಟ್ಟಿಗಳೂ ಒಟ್ಟಿಗೆ ಮುದುಡಿವೆ, ಉಪ್ಪು ಸರಿಯಿದೆ, ತಾಪ ಸರಿಯಿದೆ, ಅಮೋನಿಯಾ ಸೊನ್ನೆ. ಇಂಥ ಕೇಸ್‌ನಲ್ಲೇ ಜನ ತಿಂಗಳುಗಟ್ಟಲೆ ಕಳೆದುಹೋಗುತ್ತಾರೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ನಮ್ಮಲ್ಲಿ ನೀರು ಎರಡು ಕಡೆಯಿಂದ. ಒಂದು ಮಲಪ್ರಭಾ, ಸವದತ್ತಿ ಕಡೆಯ ಜಲಾಶಯದಿಂದ ಬರುವುದು, ಕ್ಲೋರಿನ್ ಹಾಕಿದ್ದು. ಇನ್ನೊಂದು ಬೋರ್, ಗಡಸು. ಗದಗ ಜಿಲ್ಲೆಯಲ್ಲಾದರೆ ಮುಂಡರಗಿ ಕಡೆ ಬೋರ್ ನೀರಲ್ಲಿ ಫ್ಲೋರೈಡೂ ಇದೆ. ಇದು ಯಾವುದನ್ನೂ ನೇರ ಬಳಸುವ ಹಾಗಿಲ್ಲ, ಇದು ಎಲ್ಲರಿಗೂ ಗೊತ್ತು. ಅದಕ್ಕೇ ಆರ್‌ಒ ನೀರು. ಪ್ರಶ್ನೆ ಶುರುವಾಗುವುದು ಅಲ್ಲೇ: ಯಾವ ಆರ್‌ಒ?

ಕಾಲೇಜಿನ ಕಾರಿಡಾರ್‌ನಲ್ಲಿ ಗೋಡೆಗೆ ತೂಗುಹಾಕಿದ ಕುಡಿಯುವ ನೀರಿನ ಆರ್‌ಒ ಲ್ಯಾಬ್‌ನ ಆರ್‌ಒ ಅಲ್ಲ. ಅದರಲ್ಲಿ ಪೊರೆಯಿಂದ ಬಂದ ಶುದ್ಧ ನೀರಿಗೆ ರುಚಿಗಾಗಿ ಸ್ವಲ್ಪ ಹಳೆಯ ನೀರನ್ನೇ ಮತ್ತೆ ಬೆರೆಸುವ ಒಂದು ತಿರುಪು ಇರುತ್ತದೆ, ಖನಿಜ ಸೇರಿಸುವ ಕಾರ್ಟ್ರಿಜ್ ಇರುತ್ತದೆ. ಈಚೆಗೆ "ತಾಮ್ರದ ಗುಣ ಇರುವ ನೀರು" ಅಂತ ತಾಮ್ರದ ಕಾರ್ಟ್ರಿಜ್ ಬೇರೆ. ಅಜ್ಜಿ ತಾಮ್ರದ ಚೊಂಬಿನಲ್ಲಿ ಇಟ್ಟು ಕುಡಿಯುತ್ತಿದ್ದಳಲ್ಲ, ಆ ನಂಬಿಕೆಯನ್ನು ಯಂತ್ರಕ್ಕೆ ಹಾಕಿ ಮಾರುತ್ತಾರೆ. ಮನುಷ್ಯರಿಗೆ ಅಡ್ಡಿಯಿಲ್ಲ. ಭಾರತದ ಕುಡಿಯುವ ನೀರಿನ ಮಾನದಂಡ ಐಎಸ್ 10500 ಲೀಟರ್‌ಗೆ 0.05 ಮಿಲಿಗ್ರಾಂ ತಾಮ್ರವನ್ನು ಒಪ್ಪುತ್ತದೆ, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೂ ಬಿಡುತ್ತದೆ. ಆದರೆ ಹವಳದ ಮೊಟ್ಟೆ, ಮರಿಗಳಿಗೆ ಲೀಟರ್‌ಗೆ ಕೆಲವು ಹತ್ತು ಮೈಕ್ರೊಗ್ರಾಂ ಸಾಕು, ಕೆಡಲು. ಅಂದರೆ ನಮಗೆ ಒಳ್ಳೆಯದು ಅಂತ ಸೀಲು ಬಿದ್ದ ನೀರೇ ಅವಕ್ಕೆ ವಿಷ.

ಇದನ್ನು ಹಿಡಿಯುವುದು ಯಾಕೆ ಕಷ್ಟ ಅಂದರೆ ಟಿಡಿಎಸ್ ಮೀಟರ್‌ಗೆ ಇದು ಕಾಣುವುದೇ ಇಲ್ಲ. ಆ ಮೀಟರ್ ಕರಗಿದ್ದೆಲ್ಲವನ್ನೂ ಒಟ್ಟಿಗೆ ಅಳೆಯುತ್ತದೆ. 40 ಪಿಪಿಎಂ ಅಂತ ತೋರಿಸಿದಾಗ ಅದರಲ್ಲಿ 0.1 ತಾಮ್ರ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅಕ್ವೇರಿಯಂ ಅಂಗಡಿಯ ತಾಮ್ರದ ಕಿಟ್ ಮೀನಿಗೆ ಔಷಧಿ ಹಾಕಿದಾಗ ನೋಡಲು ಮಾಡಿದ್ದು, ಇಷ್ಟು ಕಡಿಮೆ ಪ್ರಮಾಣಕ್ಕೆ ಅದರ ಬಣ್ಣ ತಿರುಗುವುದಿಲ್ಲ. ಸೊನ್ನೆ ಬಂತು ಅಂತ ಬಿಡುಗಡೆ ಮಾಡಬೇಡಿ.

ಬೀಕರ್ ಪರೀಕ್ಷೆ ಮಾಡಿ. ಒಂದೇ ಚೀಲದ ಉಪ್ಪು, ಒಂದೇ ತೂಕ, ಮೂರು ಬಗೆಯ ನೀರು: ಅನುಮಾನ ಇರುವ ಆರ್‌ಒ, ಗಾಜಿನ ಬಟ್ಟಿ ಯಂತ್ರದ ನೀರು, ಡಿಐ ರೆಸಿನ್ (ಉಳಿದ ಲವಣಗಳನ್ನೂ ಹಿಡಿದಿಡುವ ಡಿಅಯನೈಸೇಶನ್ ಹರಳು) ದಾಟಿದ ನೀರು. ಒಂದು ದಿನ ಗಾಳಿ ಬಿಟ್ಟು ಕಲಸಿ, ಉಪ್ಪು ಮೂರರಲ್ಲೂ ಒಂದೇ ಇದೆ ಅಂತ ನೋಡಿ. ಪ್ರತಿ ನೀರಿಗೆ ಮೂರು ಬೀಕರ್, ಪ್ರತಿ ಬೀಕರ್‌ಗೆ ಮೂರು ನಾಲ್ಕು ಐಪ್ಟೇಸಿಯಾ. ಬೀಕರ್‌ಗೆ ನಂಬರ್ ಮಾತ್ರ ಹಾಕಿ, ಯಾವುದರಲ್ಲಿ ಯಾವ ನೀರು ಅಂತ ನೋಡುವವರಿಗೆ ಹೇಳಬೇಡಿ. ಎರಡು ಮೂರು ದಿನದಲ್ಲಿ ಟೆಂಟಕಲ್ ಚಾಚಿದವು ಯಾವ ಬೀಕರ್‌ನವು ಅಂತ ಲೆಕ್ಕ ಹಾಕಿದರೆ ಸಾಮಾನ್ಯವಾಗಿ ಉತ್ತರ ಎದುರಿಗೇ ಇರುತ್ತದೆ. ಇಲ್ಲಿ ಆರ್ಟೀಮಿಯಾ (ಊಟಕ್ಕೆ ಹಾಕುವ ಉಪ್ಪುನೀರಿನ ಸಣ್ಣ ಸೀಗಡಿಯಂಥ ಜೀವಿ) ಮರಿಗಳನ್ನು ಹಾಕಿ ನೋಡುವ ಅಡ್ಡದಾರಿ ನಂಬಬೇಡಿ. ಆರ್ಟೀಮಿಯಾ ತಾಮ್ರವನ್ನು ಚೆನ್ನಾಗಿಯೇ ತಡೆದುಕೊಳ್ಳುತ್ತದೆ. ಅದು ಬದುಕಿತು ಅಂದ ಮಾತ್ರಕ್ಕೆ ನೀರು ಒಳ್ಳೆಯದು ಅಂತಲ್ಲ. ಬೀಕರ್‌ನಲ್ಲಿ ಅನುಮಾನ ಗಟ್ಟಿಯಾದ ಮೇಲೆ ಆ ನೀರನ್ನು ಎಎಎಸ್ ಅಥವಾ ಐಸಿಪಿ (ಅತಿ ಸಣ್ಣ ಪ್ರಮಾಣದ ಲೋಹ ಅಳೆಯುವ ಯಂತ್ರಗಳು) ಇರುವ ಲ್ಯಾಬ್‌ಗೆ ಕೊಟ್ಟು ಲೋಹ ಅಳೆಸಿ. ಉಪ್ಪು ಕಲಸುವ ಮುಂಚಿನ ನೀರನ್ನೇ ಕೊಡಿ, ಉಪ್ಪು ನೀರಿನಲ್ಲಿ ಇಷ್ಟು ಸಣ್ಣ ಪ್ರಮಾಣ ಅಳೆಯುವುದು ಅವರಿಗೂ ತಲೆನೋವು.

ತಾಮ್ರ ಆರ್‌ಒದಿಂದಲೇ ಬರಬೇಕು ಅಂತೇನಿಲ್ಲ. ಹಿತ್ತಾಳೆ ನಲ್ಲಿ, ಹಿತ್ತಾಳೆಯ ಫ್ಲೋಟ್ ವಾಲ್ವ್, ಪೈಪಿಗೆ ಬಿಗಿದ ಕ್ಲ್ಯಾಂಪ್, ಪಂಪಿನ ಸೀಳಿದ ವೈರ್. ಆರ್‌ಒ, ಡಿಐ ನೀರು ಹಸಿದ ನೀರು, ಲೋಹ ಸಿಕ್ಕರೆ ಬಿಡುವುದಿಲ್ಲ. ಸಂಗ್ರಹದ ಟ್ಯಾಂಕಿನಿಂದ ತೊಟ್ಟಿಯವರೆಗೆ ಪೂರ್ತಿ ಪ್ಲಾಸ್ಟಿಕ್ ಇರಲಿ. ಹುಬ್ಬಳ್ಳಿಯ ದುರ್ಗದ ಬೈಲ್‌ನಲ್ಲಿ ಟಬ್ಬು, ಬಕೆಟ್ಟು ಕೊಳ್ಳುವಾಗಲೂ ಮೂಸಿ ನೋಡಿ ತನ್ನಿ. ಕಟು ವಾಸನೆ ಹೊಡೆಯುವ ಮರುಬಳಕೆ ಪ್ಲಾಸ್ಟಿಕ್ ಬೇಡ.

ತಾಮ್ರ ಖಚಿತವಾದರೆ ನೀರು ಬದಲಿಸಿದರಷ್ಟೇ ಸಾಲದು. ತೊಟ್ಟಿಯಲ್ಲಿದ್ದ ಸುಣ್ಣದ ಕಲ್ಲು, ಹವಳದ ಮರಳು ತಾಮ್ರವನ್ನು ಹಿಡಿದಿಟ್ಟುಕೊಂಡು ಆಮೇಲೆ ನಿಧಾನಕ್ಕೆ ಬಿಡುತ್ತವೆ. ಅದನ್ನು ಎಸೆಯಿರಿ. ಗಾಜನ್ನು ತೆಳು ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ನೆನೆಸಿ, ಡಿಐ ನೀರಲ್ಲಿ ಹಲವು ಸಲ ತೊಳೆದು ಮತ್ತೆ ಕಟ್ಟಿ. ಹೊಸ ವ್ಯವಸ್ಥೆಯಲ್ಲಿ ಆರ್‌ಒ ಆದ ಮೇಲೆ ಡಿಐ ರೆಸಿನ್ ಇರಲಿ, ಅಲ್ಲಿಂದ ಬರುವ ನೀರು ಟಿಡಿಎಸ್ ಮೀಟರ್‌ನಲ್ಲಿ ಸೊನ್ನೆ ತೋರಿಸಬೇಕು. ಒಂದು ಎರಡು ತೋರಿಸಲು ಶುರುವಾದ ದಿನವೇ ರೆಸಿನ್ ಬದಲಿಸಿ.

ಬಿಸಿ, ಚಳಿ

25ರಿಂದ 27 ಡಿಗ್ರಿ ಇಟ್ಟುಕೊಂಡರೆ ಸಾಕು. ಡಿಸೆಂಬರ್ ರಾತ್ರಿಗಳಲ್ಲಿ ಹೀಟರ್ ಬೇಕೇ ಬೇಕು, ಬೇಸಿಗೆ ಮಧ್ಯಾಹ್ನ ತಂಪು ಮಾಡಬೇಕು. ಹೀಟರ್‌ನ ದೊಡ್ಡ ರೋಗ ಅಂಟಿಕೊಳ್ಳುವುದು, ಅಂದರೆ ಒಳಗಿನ ಸ್ವಿಚ್ ಆಫ್ ಆಗದೆ ಉಳಿಯುವುದು. 15 ಲೀಟರ್ ತೊಟ್ಟಿಯಲ್ಲಿ 100 ವಾಟ್ ಹೀಟರ್ ಅಂಟಿಕೊಂಡರೆ ಗಂಟೆಗೆ 5 ಡಿಗ್ರಿಯಷ್ಟು ಏರುತ್ತದೆ, ಬೆಳಿಗ್ಗೆ ಬಂದಾಗ ಸಾರು ಸಿದ್ಧ. ಹೀಟರನ್ನು ಟಬ್‌ಗೆ ಹಾಕಿ ಅಂದದ್ದು ಇದಕ್ಕೇ, ಜೊತೆಗೆ ಬೇರೆಯದೇ ಒಂದು ತಾಪ ನಿಯಂತ್ರಕವನ್ನು ಮಧ್ಯೆ ಹಾಕಿ.

ಬೇಸಿಗೆಯಲ್ಲಿ ಟಬ್ ನೀರಿನ ಮೇಲೆ ಫ್ಯಾನ್ ಬಿಡಿ. ಒಂದು ಲೀಟರ್ ಆವಿಯಾದರೆ 100 ಲೀಟರ್ ನೀರಿನಿಂದ 5 ರಿಂದ 6 ಡಿಗ್ರಿಯ ಬಿಸಿ ಹೊತ್ತೊಯ್ಯುತ್ತದೆ. ಏಪ್ರಿಲ್‌ನ ಒಣಗಾಳಿ ಇಲ್ಲಿ ನಮ್ಮ ಪರ. ಆವಿಯಾಗುವುದು ಟಬ್‌ನ ಸಿಹಿನೀರಾದ್ದರಿಂದ ತೊಟ್ಟಿಯ ಉಪ್ಪಿಗೆ ಏನೂ ಆಗಲ್ಲ.

ಪಿಎಚ್ ಇಳಿದಿದೆ, ಆಮ್ಲಜನಕ ಕಡಿಮೆ ಇದೆ

ಪಿಎಚ್ 8.1 ಇರಬೇಕಾದದ್ದು 7.8 ತೋರಿಸುತ್ತಿದ್ದರೆ ಮೊದಲು ಹೊಸ ಬಫರ್ (ಪಿಎಚ್ ಗೊತ್ತಿರುವ ದ್ರಾವಣ) ಇಟ್ಟು ಮೀಟರ್ ಹೊಂದಿಸಿ. ಆಮೇಲೂ ಹಾಗೇ ಇದ್ದರೆ ಒಂದು ಮಗ್ ತೊಟ್ಟಿ ನೀರು, ಬ್ಯಾಟರಿ ಏರ್ ಪಂಪ್ ಹಿಡಿದು ಕಟ್ಟಡದ ಹೊರಗೆ ಹೋಗಿ ಒಂದು ಗಂಟೆ ಗಾಳಿ ಬಿಡಿ. ಪಿಎಚ್ ಏರಿತಾ? ಹಾಗಾದರೆ ತಪ್ಪು ನೀರಿನದಲ್ಲ, ಕೋಣೆಯದು. ಜಿಟಿಜಿಟಿ ಮಳೆ ಅಂತ ಕಿಟಕಿ ಮುಚ್ಚಿ ಪ್ರಾಕ್ಟಿಕಲ್ ಬ್ಯಾಚ್ ಕೂರಿಸಿದರೆ ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ಪಂಪ್ ಅದನ್ನೇ ತೊಟ್ಟಿಗೆ ಊದುತ್ತದೆ. ಪಂಪಿನ ಗಾಳಿಯನ್ನು ಕಿಟಕಿಯ ಹೊರಗಿಂದ ಎಳೆಯಿರಿ, ಅಷ್ಟೇ. ಸೋಡಾ ಪುಡಿ ಸುರಿಯಬೇಡಿ. ಹೊರಗೂ ಏರದಿದ್ದರೆ ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಅದರ ಅಳತೆ ಡಿಕೆಎಚ್) ಅಳೆಯಿರಿ, 7 ಡಿಕೆಎಚ್‌ಗಿಂತ ಕಡಿಮೆಯಾಗಬಾರದು. ಐಪ್ಟೇಸಿಯಾ ಹವಳದ ಹಾಗೆ ಸುಣ್ಣದ ಅಸ್ಥಿ ಕಟ್ಟುವುದಿಲ್ಲ. ಆದರೂ ಆಲ್ಕಲಿನಿಟಿ ಇಳಿಯುತ್ತಿದೆ ಅಂದರೆ ಕೊಳೆತ ಊಟದ ಅಮೋನಿಯಾವನ್ನು ಬ್ಯಾಕ್ಟೀರಿಯಾ ನೈಟ್ರೇಟ್ ಮಾಡುತ್ತಿರಬಹುದು, ಊಟ ಕಡಿಮೆ ಮಾಡಿ.

ಆಮ್ಲಜನಕದ ವಿಷಯದಲ್ಲಿ ಧಾರವಾಡಕ್ಕೇ ಒಂದು ವಿಶೇಷ ಇದೆ. ಪುಸ್ತಕದ ಕೋಷ್ಟಕದಲ್ಲಿ 25 ಡಿಗ್ರಿ, 35 ಪಿಪಿಟಿಗೆ ಲೀಟರ್‌ಗೆ ಸುಮಾರು 6.7 ಮಿಲಿಗ್ರಾಂ ಅಂತ ಇರುತ್ತದೆ. ಅದು ಸಮುದ್ರ ಮಟ್ಟಕ್ಕೆ. ನಾವಿರುವುದು ಸುಮಾರು 750 ಮೀಟರ್ ಎತ್ತರದಲ್ಲಿ, ಗಾಳಿಯ ಒತ್ತಡ ಶೇ 8ರಿಂದ 9 ಕಡಿಮೆ. ಎಷ್ಟು ಗುಳ್ಳೆ ಬಿಟ್ಟರೂ 6.1ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದು ದೋಷ ಅಲ್ಲ, ಊರು ಹಾಗೆ. ಮೀಟರ್‌ನಲ್ಲಿ ಒತ್ತಡ ಹೊಂದಿಸುವ ಜಾಗ ಇದ್ದರೆ ಹೊಂದಿಸಿ, ಸುಮ್ನೆ ಇನ್ನೊಂದು ಪಂಪ್ ಕೊಳ್ಳಬೇಡಿ.

ಬೆಳಕು

ಬಿಳಚಿದ್ದು ಒಂದು ಸಾಲು ಮಾತ್ರ ಆದರೆ ಇಲ್ಲಿಗೆ ಬನ್ನಿ. ಫೋನಿನ ಲಕ್ಸ್ ಆ್ಯಪ್ ನೀಲಿ ಎಲ್‌ಇಡಿಗೆ ಕೆಲಸಕ್ಕೆ ಬರುವುದಿಲ್ಲ. ಲಕ್ಸ್ ನಮ್ಮ ಕಣ್ಣಿನ ಅಳತೆ, ನಮ್ಮ ಕಣ್ಣಿಗೆ ನೀಲಿ ಮಂದ, ಪಾಚಿಗೆ ಮಾತ್ರ ಅದೇ ಹಬ್ಬ. ಪಾಚಿಗೆ ಉಪಯೋಗವಾಗುವ ಬೆಳಕನ್ನು ಅಳೆಯುವ ಪಾರ್ ಮೀಟರ್ ಎರವಲು ತಂದು ಪ್ರತಿ ತೊಟ್ಟಿಯ ತಳದಲ್ಲಿ ಅಳೆಯಿರಿ. ದೀಪ 12 ಗಂಟೆ ಹೊತ್ತು ಉರಿದ ಮೇಲೆ ಟೈಮರ್ ಆಫ್ ಆಗುತ್ತಿದೆಯಾ ಅಂತಲೂ ನೋಡಿ. ಕರೆಂಟ್ ಹೋಗಿ ಬಂದಾಗ ಹಳೆಯ ತಿರುಗು ಟೈಮರ್‌ಗಳು ಅಷ್ಟು ಹೊತ್ತು ಹಿಂದೆ ಬೀಳುತ್ತವೆ, ವಾರ ಕಳೆದರೆ ಹಗಲು ರಾತ್ರಿಯೇ ಜರುಗಿರುತ್ತದೆ.

ಗಾಳಿಯಲ್ಲಿ ಬಂದ ವಿಷ

ಲ್ಯಾಬ್‌ನಲ್ಲಿ ರಾತ್ರಿ ಸೊಳ್ಳೆ ಕಾಯಿಲ್ ಹಚ್ಚಿದ್ದಾರಾ, ಲಿಕ್ವಿಡ್ ಮಷಿನ್ ಇದೆಯಾ, ಜಿರಳೆ ಸ್ಪ್ರೇ ಹೊಡೆದರಾ, ಆ ಬೆಳಿಗ್ಗೆ ಫಿನೈಲ್ ಹಾಕಿ ನೆಲ ಒರೆಸಿದರಾ? ಏರ್ ಪಂಪ್ ಇವೆಲ್ಲವನ್ನೂ ಎಳೆದು ನೀರಿಗೆ ಕಲಸುತ್ತದೆ. ಕೇಳುವಾಗ ಬೈಯುವ ದನಿಯಲ್ಲಿ ಕೇಳಬೇಡಿ, ಯಾರೂ ನಿಜ ಹೇಳುವುದಿಲ್ಲ. ಅನುಮಾನ ಇದ್ದರೆ ಆ್ಯಕ್ಟಿವೇಟೆಡ್ ಕಾರ್ಬನ್ ಚೀಲ ಹಾಕಿ, ಅರ್ಧ ನೀರು ಬದಲಿಸಿ, ಪಂಪನ್ನು ಬೇರೆ ಕಡೆ ಸರಿಸಿ. ಕೈಯಲ್ಲಿ ಸ್ಯಾನಿಟೈಸರ್, ಸೋಪು ಇರುವಾಗ ತೊಟ್ಟಿಗೆ ಕೈ ಹಾಕುವುದೂ ಇದೇ ಲೆಕ್ಕಕ್ಕೆ.

ಕರೆಂಟು

ಕರೆಂಟ್ ಹೋದಾಗ ಏರ್‌ಲೈನ್ ಮೂಲಕ ನೀರು ಹಿಮ್ಮುಖವಾಗಿ ಇಳಿದು ಪಂಪಿಗೆ ಹೋಗಬಹುದು. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಪ್ರತಿ ಕೊಳವೆಗೂ ಒಮ್ಮುಖ ವಾಲ್ವ್ ಹಾಕಿ. ನೀರಿಗೆ ಕೈ ಹಾಕಿದಾಗ ಚುರುಕ್ ಅಂದರೆ ಮೊದಲು ಮೇನ್ ಆಫ್. ಉಪ್ಪು ನೀರು, ಒದ್ದೆ ಕೈ, ಅರ್ಥಿಂಗ್ ಇಲ್ಲದ ಪ್ಲಗ್: ಈ ಮೂರು ಸೇರಿದರೆ ಅನಿಮೋನ್ ಅಲ್ಲ, ನೀವೇ ಹೋಗುತ್ತೀರಿ. ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪ್‌ನ ಆರ್‌ಸಿಸಿಬಿ ಇಲ್ಲದೆ ಈ ವ್ಯವಸ್ಥೆ ಶುರು ಮಾಡಲೇಬೇಡಿ.

ಇಷ್ಟೆಲ್ಲ ನೋಡಿದರೂ ಸಿಗದಿದ್ದರೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನೂ ಅರ್ಧ ತೊಟ್ಟಿಗಳಿಗೆ ಮಾತ್ರ. ಎಲ್ಲವನ್ನೂ ಒಟ್ಟಿಗೆ ಬದಲಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತು ಅಂತ ತಿಳಿಯುವುದಿಲ್ಲ, ಮುಂದಿನ ತಿಂಗಳು ಅದೇ ದೋಷ ಮತ್ತೆ ಬರುತ್ತದೆ. ದೋಷ ಇದ್ದ ದಿನಗಳ ಅಳತೆಗಳನ್ನು ಪ್ರಯೋಗದ ಫಲಿತಾಂಶಕ್ಕೆ ಸೇರಿಸಬೇಡಿ, ಆದರೆ ನೋಟ್‌ಬುಕ್‌ನಿಂದ ಹರಿಯಲೂ ಬೇಡಿ. ಗೈಡ್ ಎಷ್ಟೇ ಅವಸರ ಮಾಡಿದರೂ ಅನಿಮೋನ್‌ಗಳು ಚಾಚಿಕೊಂಡು, ಊಟ ಹಿಡಿದು, ಕನಿಷ್ಠ ಎರಡು ವಾರ ಸರಿಯಾಗಿ ಇದ್ದ ಮೇಲೆಯೇ ಪ್ರಯೋಗ ಮತ್ತೆ ಶುರು ಮಾಡಿ. ಮತ್ತೆ ಒಂದು ಡಬ್ಬಿಯಷ್ಟು ಐಪ್ಟೇಸಿಯಾವನ್ನು ಬೇರೆ ಕಟ್ಟಡದಲ್ಲಿ, ಬೇರೆ ನೀರಲ್ಲಿ, ಬೇರೆಯವರ ಕೈಯಲ್ಲಿ ಇಟ್ಟಿರಿ. ವಾರಕ್ಕೊಮ್ಮೆ ಒಂದಿಷ್ಟು ಆರ್ಟೀಮಿಯಾ ಮರಿ, ಮರುದಿನ ಸ್ವಲ್ಪ ನೀರು ಬದಲಾವಣೆ, ಅದಕ್ಕೆ ಅಷ್ಟೇ ಖರ್ಚು.